ವಿದ್ಯಾರ್ಥಿ ಸೂಕ್ಷ್ಮದರ್ಶಕ: ಮಸೂರ ಚೆನ್ನ, ಪುಸ್ತಿಕೆ ಅರೆಬರೆ

ಪ್ರಥಮ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ಮಗಳಿಗಾಗಿ ಕಳೆದ ಜೂನ್‌ನಲ್ಲಿ ಕುಶಾಲನಗರದ ಅಂಗಡಿಯೊಂದರಿಂದ ಸೂಕ್ಷ್ಮದರ್ಶಕ ತಂದೆವು. 40ರಿಂದ 400 ಪಟ್ಟು ಹಿಗ್ಗಿಸುವ ಮಸೂರಗಳು, ಬ್ಯಾಟರಿಯಲ್ಲೂ ಉರಿಯುವ ಎಲ್‌ಇಡಿ ದೀಪ, ಸಿದ್ಧ ಸ್ಲೈಡುಗಳ ಪೆಟ್ಟಿಗೆ, ಸಸ್ಯಕೋಶ ಮತ್ತು ಪ್ರಾಣಿಕೋಶಗಳ ಬಗೆಗಿನ ಕನ್ನಡ ಪುಸ್ತಿಕೆ ಎಲ್ಲ ಸೇರಿ 4,800 ರೂಪಾಯಿ ಆಯಿತು. ದೀಪದ ಬದಲು ಕನ್ನಡಿಯಿರುವ ಮಾದರಿ ಇನ್ನೂ ಅಗ್ಗವಾಗಿತ್ತಾದರೂ, ಹಗಲಲ್ಲೇ ದೀಪ ಹಾಕಬೇಕಾದ, ಹಾಕಲು ಹೋದರೆ ಕರೆಂಟೇ ಇರದ ನಮ್ಮ ಮಡಿಕೇರಿಯ ಮಳೆಗಾಲಕ್ಕೆ ಅದು ನಡೆಯದು.

ಸಿದ್ಧ ಸ್ಲೈಡುಗಳಿಗಿಂತ ನಾವೇ ಮಾಡಿಕೊಂಡವು ಚೆನ್ನಾಗಿ ಕಂಡವು. ಈರುಳ್ಳಿಯ ತೆಳು ಪೊರೆಗೆ ಒಂದು ಹನಿ ಅಯೋಡಿನ್ ಹಾಕಿ ನೋಡಿದರೆ ಕೋಶಭಿತ್ತಿಗಳು ಇಟ್ಟಿಗೆಗಳ ನಡುವಿನ ಗಾರೆಯಂತೆ ಸ್ಪಷ್ಟವಾಗಿ ಎದ್ದು ನಿಲ್ಲುತ್ತವೆ. ದ್ರವ ತುಂಬಿದ ದೊಡ್ಡ ಚೀಲದಂಥ ರಸದಾನಿಯೇ ಒಳಗಿನ ಜಾಗವನ್ನೆಲ್ಲ ಹಿಡಿದಿರುವುದರಿಂದ ಕೋಶಕೇಂದ್ರವು ಅಂಚಿಗೆ ಒತ್ತಿಕೊಂಡಿರುತ್ತದೆ. ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಸವರಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದಾಗ ಕಂಡ ಕೋಶಗಳಿಗೆ ಅಂಥ ಭಿತ್ತಿಯಿಲ್ಲ. ತೆಳುವಾದ ಕೋಶಪೊರೆ ಮಾತ್ರ ಇರುವುದರಿಂದ ಕೆಲವು ಕೋಶಗಳ ಅಂಚುಗಳು ನೀರುದೋಸೆಯಂತೆ ಮಡಚಿಕೊಂಡಿದ್ದವು. ಎಲ್ಲಕ್ಕಿಂತ ಸೊಗಸಾಗಿ ಕಂಡದ್ದು ಮನೆಯ ಹಿಂದಿನ ಬರೆಯಿಂದ ಕಿತ್ತು ತಂದ ಹಾವಸೆಯ (ಮಾಸ್) ಎಲೆ. ಬಹುಪಾಲು ಒಂದೇ ಕೋಶದಷ್ಟು ದಪ್ಪವಿರುವ ಆ ಎಲೆಗೆ ಕತ್ತರಿಸುವ, ಬಣ್ಣ ಹಾಕುವ ಗೋಜಿಲ್ಲ. ನೀರಿನ ಹನಿಯಲ್ಲಿ ಇಟ್ಟರೆ ಸಾಕು, ಕೋಶಕೋಶದಲ್ಲೂ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕ್ಲೋರೋಪ್ಲಾಸ್ಟ್‌ಗಳು ಹೆಸರುಕಾಳು ಚೆಲ್ಲಿದಂತೆ ಕಾಣುತ್ತವೆ. ಈರುಳ್ಳಿಯಲ್ಲಿ ಅವು ಏಕಿಲ್ಲ ಎಂದು ಮಗಳು ಕೇಳಿ, ಬೆಳಕು ಕಾಣದ ಗೆಡ್ಡೆಯ ಪದರಕ್ಕೆ ಅವುಗಳಿಂದ ಕೆಲಸವಿಲ್ಲವೆಂದು ತಾನೇ ಉತ್ತರವನ್ನೂ ಕಂಡುಕೊಂಡಳು.

ಪುಸ್ತಿಕೆಯನ್ನು ಮಾತ್ರ ಹೊಗಳಲಾರೆ. ವ್ಯತ್ಯಾಸಗಳ ಪಟ್ಟಿಯಲ್ಲಿ ಸಸ್ಯಕೋಶದ ಕ್ಲೋರೋಪ್ಲಾಸ್ಟ್‌ಗೆ ಎದುರಾಗಿ, ಪ್ರಾಣಿಕೋಶಕ್ಕಷ್ಟೇ ಸೇರಿದ್ದೆಂಬಂತೆ ಮೈಟೋಕಾಂಡ್ರಿಯವನ್ನು ಅಚ್ಚು ಹಾಕಿದ್ದಾರೆ. ಎಲೆ ತಯಾರಿಸಿದ ಸಕ್ಕರೆಯಿಂದ ಶಕ್ತಿ ಪಡೆಯಲು ಗಿಡಕ್ಕೂ ಮೈಟೋಕಾಂಡ್ರಿಯ ಬೇಕು, ಅದರ ಕೋಶದಲ್ಲೂ ಇದೆ. ಕೋಶದೊಳಗಿನ ಪುಟ್ಟ ಅಂಗಗಳಾದ ಈ ಕಣದಂಗಗಳ ಮೂಲವನ್ನು ನಾಲ್ಕು ಸಾಲಿನಲ್ಲಿ ವಿವರಿಸಿದ್ದರೆ ಈ ತಪ್ಪು ನುಸುಳುತ್ತಿರಲಿಲ್ಲ. ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾವೊಂದು ಇನ್ನೊಂದು ಕೋಶದೊಳಗೆ ಸೇರಿ ಮೈಟೋಕಾಂಡ್ರಿಯವಾಯಿತು. ಆ ಸಂತತಿಯ ಒಂದು ಕವಲು ಮುಂದೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾವನ್ನೂ ಒಳಗಿಟ್ಟುಕೊಂಡದ್ದರಿಂದ ಕ್ಲೋರೋಪ್ಲಾಸ್ಟ್ ಬಂತು. ಹಾಗಾಗಿ ಗಿಡದಲ್ಲಿ ಎರಡೂ ಇವೆ, ನಮ್ಮಲ್ಲಿ ಒಂದೇ. ಕ್ಲೋರೋಪ್ಲಾಸ್ಟ್ ಬಗ್ಗೆ ರಷ್ಯಾದ ಜೀವವಿಜ್ಞಾನಿ ಮೆರೆಷ್ಕೋವ್‌ಸ್ಕಿ 1905ರಲ್ಲೇ ಹೀಗೆ ಬರೆದಿದ್ದರು. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಈ ವಾದವನ್ನು ವಿಸ್ತರಿಸಿ ಮತ್ತೆ ಮುಂದಿಟ್ಟರು. ಎರಡೂ ಕಣದಂಗಗಳಿಗೆ ಜೋಡಿ ಪೊರೆಯಿದೆ, ತಮ್ಮದೇ ಡಿಎನ್‌ಎ ಇದೆ, ಪ್ರೋಟೀನ್ ತಯಾರಿಸುವ, ಬ್ಯಾಕ್ಟೀರಿಯಾದ ನೆಂಟಸ್ತಿಕೆ ತೋರುವ ರೈಬೋಸೋಮ್‌ಗಳೂ ಇವೆ. ಮಳೆಗಾಲದಲ್ಲಿ ನಮ್ಮ ಅಂಗಳಗಳಲ್ಲಿ ಕಾಲು ಜಾರಿಸುವ ನೀಲಿ-ಹಸಿರು ಪಾಚಿ ಆ ಸಯನೋಬ್ಯಾಕ್ಟೀರಿಯಾಗಳ ಬಳಗವೇ ಆಗಿರುವಾಗ, ಉದಾಹರಣೆಗೆ ದೂರ ಹುಡುಕಬೇಕಾಗಿಯೂ ಇರಲಿಲ್ಲ.

ಇನ್ನೊಂದು ದೂರು ಅಂಗಡಿಯವರ ಮೇಲೆ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್‌ನ ಒಂದು ಪೊಟ್ಟಣವೂ ಇರಲಿಲ್ಲ. ಆಗಸ್ಟ್ ಕೊನೆಯ ಹೊತ್ತಿಗೆ 400 ಪಟ್ಟು ತೋರಿಸುವ ಮಸೂರದ ಮೇಲೆ ಬೂಷ್ಟು ಜೇಡರ ಬಲೆಯಂತೆ ಹರಡಿತ್ತು. ಒಯ್ದು ತೋರಿಸಿದರೆ, ‘ಕೊಡಗಿನ ಥಂಡಿಗೆ ನಾವೇನು ಮಾಡೋಣ ಸರ್’ ಎಂದು ಬಿಲ್ಲನ್ನು ಹಿಂದಿರುಗಿಸಿದರು. ಬೂಷ್ಟು ಮಳೆಗಾಲದ ತಪ್ಪೆಂದು ಒಪ್ಪೋಣ, ಮಳೆಗಾಲ ಗೊತ್ತಿದ್ದೂ ಎಚ್ಚರಿಸದೆ ಮಾರಿದ್ದು ಯಾರ ತಪ್ಪು? ಕೊಳ್ಳುವವರು ಗಾಳಿಯಾಡದ ಡಬ್ಬಿಯೊಂದನ್ನು ಅದೇ ದಿನ ತಂದಿಟ್ಟುಕೊಳ್ಳಲಿ, ಪುಸ್ತಿಕೆಯ ಪಟ್ಟಿಯನ್ನು ಮಕ್ಕಳ ಕೈಗೆ ಕೊಡುವ ಮೊದಲು ಪೆನ್ನಿನಿಂದ ತಿದ್ದಲಿ. ನಮ್ಮಲ್ಲಿ ಸದ್ಯಕ್ಕೆ 100 ಪಟ್ಟಿನ ಮಸೂರದಲ್ಲೇ ಹಾವಸೆ ನೋಡುವ ಕೆಲಸ ನಡೆದಿದೆ.