ಹದಿನಾಲ್ಕರ ಹುಡುಗಿಗೆ ಇನ್ನೂ ಮಿಕ್ಕಿ ಬೇಕಾ? ಡಿಸ್ನಿ ವರ್ಲ್ಡ್‌ನಲ್ಲಿ ನಾವು ನೋಡಿದ ಮೂರು ಊಟ

ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲೇ ನಮ್ಮ ಸಂಬಂಧಿಕರದೊಂದು ರಿಸೆಪ್ಷನ್ ಇತ್ತು. ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಪಕ್ಕದಲ್ಲೇ ಬಾಡಿಗೆ ಮಿಕ್ಕಿ ಮೌಸ್ ನಿಂತಿತ್ತು. ಒಂದು ಕಿವಿ ಜೋತು ಬಿದ್ದಿತ್ತು. ಚಿಕ್ಕ ಮಕ್ಕಳು ಕೈ ಕುಲುಕಿ, ಬಾಲ ಎಳೆದು ಓಡುತ್ತಿದ್ದವು. 11 ವರ್ಷದ ನನ್ನ ಮಗ ದೂರದಿಂದಲೇ ನೋಡಿ, "ಪಾಪ, ಒಳಗಿರೋರಿಗೆ ಎಷ್ಟು ಶಕೆ ಆಗ್ತಿರಬೇಕಲ್ವಾ" ಅಂದ. 14 ವರ್ಷದ ಮಗಳು ಫೋನಿನಿಂದ ತಲೆ ಎತ್ತಲೇ ಇಲ್ಲ. ಊಟ ಮುಗಿಸಿ ಕೈ ತೊಳೆಯಲು ಹೋದಾಗ ನೋಡಿದರೆ, ಅದೇ ಮಿಕ್ಕಿ ತನ್ನ ತಲೆಯನ್ನು ಪ್ಲಾಸ್ಟಿಕ್ ಕುರ್ಚಿ ಮೇಲಿಟ್ಟು ಮಜ್ಜಿಗೆ ಕುಡಿಯುತ್ತಿದೆ. ಒಳಗಿದ್ದವನು ಹೆಚ್ಚೆಂದರೆ ಹದಿನೆಂಟರ ಹುಡುಗ. ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು.

ಅವತ್ತು ರಾತ್ರಿಯೇ ಅಟ್ಲಾಂಟಾದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಮೇ ತಿಂಗಳ ರಜೆಗೆ ನಾವು ಅವನ ಮನೆಗೆ ಹೊರಟಿದ್ದೆವು. ಅಲ್ಲಿಂದ ಕಾರಲ್ಲಿ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗುವುದು ಅಂತ ಪ್ಲ್ಯಾನ್. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿ ಬರುವುದಕ್ಕಿಂತ ಸ್ವಲ್ಪ ಜಾಸ್ತಿ ದೂರ, ಆದರೆ ಅವನ ಲೆಕ್ಕಕ್ಕೆ ಏಳು ಗಂಟೆ ಅಷ್ಟೇ. ಅಲ್ಲಿ ವೇಷದವರು ಟೇಬಲ್ ಹತ್ತಿರ ಬಂದು ಮಾತಾಡಿಸುವ ಊಟಗಳಿವೆ. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಅವನು ಆಗಲೇ ಮೂರು ಊಟ ಬುಕ್ ಮಾಡಿಟ್ಟಿದ್ದ.

"ಕ್ಯಾನ್ಸಲ್ ಮಾಡಿಬಿಡು, ನನ್ನ ಮಕ್ಕಳು ಆ ವಯಸ್ಸು ದಾಟಿದ್ದಾರೆ" ಅಂದೆ.

"ಅಕ್ಕ, ನನ್ನ ಮಗಳಿಗಿನ್ನೂ ಆರು ವರ್ಷ. ಅವಳಿಗೋಸ್ಕರ ಇರಲಿ ಬಿಡು" ಅಂದ.

ಕ್ಯಾನ್ಸಲ್ ಮಾಡು ಅಂದಿದ್ದಕ್ಕೆ ದುಡ್ಡೂ ಕಾರಣ ಅಂತ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಮಕ್ಕಳ ರೇಟು 3ರಿಂದ 9 ವರ್ಷದವರಿಗೆ ಮಾತ್ರ. ಹತ್ತು ತುಂಬಿದರೆ ದೊಡ್ಡವರ ರೇಟೇ. ಅದು ತಲೆಗೆ 50 ಡಾಲರ್ ದಾಟುತ್ತದೆ, ಅಂದರೆ ನಾಲ್ಕು ಸಾವಿರಕ್ಕಿಂತ ಮೇಲೆ, ತೆರಿಗೆ ಮತ್ತು ಟಿಪ್ಸ್ ಬೇರೆ. ಒಂದು ದೋಸೆಯಷ್ಟು ತಿಂದರೂ ಅಷ್ಟೇ, ಹೊಟ್ಟೆ ಬಿರಿಯ ತಿಂದರೂ ಅಷ್ಟೇ. ಮಿಕ್ಕಿಯ ಲೆಕ್ಕದಲ್ಲೇ ನನ್ನ ಮಗ ದೊಡ್ಡವನಾಗಿ ಒಂದು ವರ್ಷ ಆಗಿತ್ತು ನೋಡಿ.

ಮೊದಲನೆಯದು ಶೆಫ್ ಮಿಕ್ಕೀಸ್‌ನಲ್ಲಿ ಬೆಳಗಿನ ತಿಂಡಿ. ಇದು ಕಾಂಟೆಂಪರರಿ ಅನ್ನುವ ಹೋಟೆಲಿನ ಒಳಗಿದೆ. 1971ರಲ್ಲಿ ಡಿಸ್ನಿ ವರ್ಲ್ಡ್ ಶುರುವಾದಾಗಲೇ ತೆರೆದ ಹೋಟೆಲ್. ಅದರ ವಿಶೇಷ ಅಂದರೆ ಮೊನೊರೈಲು ಕಟ್ಟಡದ ಒಳಗೇ ಹಾದು ಹೋಗುತ್ತದೆ. ನಾವು ತಿಂಡಿ ತಿನ್ನುತ್ತಿದ್ದರೆ ಮೇಲೆ ರೈಲು ಸುಯ್ಯಂತ ಹೋಗುತ್ತಿರುತ್ತದೆ. ಬಫೆ, ಬೇಕಾದ್ದು ಹಾಕಿಕೊಂಡು ಬರುವುದು. ಸಸ್ಯಾಹಾರಿಗಳಿಗೆ ಹಣ್ಣು, ಆಲೂಗಡ್ಡೆ, ಮಿಕ್ಕಿ ಮುಖದ ಆಕಾರದ ವಾಫಲ್ ಎಲ್ಲ ಇವೆ. ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ಸರದಿಯಂತೆ ಟೇಬಲ್ಲಿಗೆ ಬರುತ್ತವೆ. ಅಪ್ಪಿಕೊಳ್ಳುವುದು, ಪುಸ್ತಕದಲ್ಲಿ ಸಹಿ, ಫೋಟೋ, ಮುಂದಿನ ಟೇಬಲ್.

ತಮ್ಮನ ಮಗಳು ಪುಟ್ಟಿ ಸ್ವರ್ಗದಲ್ಲಿದ್ದಳು. ನಡುವೆ ಒಮ್ಮೆ ಹಾಡು ಹಾಕಿದಾಗ ಎಲ್ಲರೂ ಕೈಯಲ್ಲಿದ್ದ ನ್ಯಾಪ್‌ಕಿನ್ ತಲೆ ಮೇಲೆ ಗಿರಗಿರ ತಿರುಗಿಸತೊಡಗಿದರು. ನಮ್ಮ ಕಡೆ ಸ್ಟಾರ್ ಪಿಕ್ಚರ್ ಮೊದಲ ಶೋದಲ್ಲಿ ಟವೆಲ್ ತಿರುಗಿಸುತ್ತಾರಲ್ಲ, ಥೇಟ್ ಹಾಗೇ. ನಮ್ಮನೆಯವರು ಎದ್ದು ನಿಂತು ಒಂದು ಶಿಳ್ಳೆನೂ ಹೊಡೆದರು. ಮಗಳು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಳು.

ಮಗ ಮಿಕ್ಕಿಯನ್ನು ಏನೋ ಕೇಳಿದ. ಮಿಕ್ಕಿ ಕೈ ಆಡಿಸಿತು, ಮಾತಾಡಲಿಲ್ಲ. ಈ ಮುಖವಾಡದ ವೇಷದವರು ಮಾತಾಡುವುದೇ ಇಲ್ಲ, ಎಲ್ಲ ಸನ್ನೆಯಲ್ಲೇ. ರಾಜಕುಮಾರಿ, ರಾಣಿ ಥರ ಸ್ವಂತ ಮುಖಕ್ಕೇ ಬಣ್ಣ ಹಚ್ಚಿಕೊಂಡವರು ಮಾತ್ರ ಮಾತಾಡುತ್ತಾರೆ. ಇದು ಮೊದಲೇ ಗೊತ್ತಿದ್ದಿದ್ದರೆ ನಾನು ಬುಕಿಂಗ್ ಬೇರೆ ಥರ ಮಾಡಿಸುತ್ತಿದ್ದೆ. ಆರು ವರ್ಷದವಳಿಗೆ ಅಪ್ಪುಗೆ ಸಾಕು. ಹನ್ನೊಂದರವನಿಗೆ ಉತ್ತರ ಬೇಕು. ಅವನು ಎದ್ದು ಹೋಗಿ ರೈಲು ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ ಅಂತ ಎಣಿಸುತ್ತಾ ನಿಂತ.

ಎರಡನೆಯದು ಗಾರ್ಡನ್ ಗ್ರಿಲ್, ರಾತ್ರಿ ಊಟ. ಇದು ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲೊಂದಾದ ಎಪ್ಕಾಟ್ ಒಳಗಿದೆ, ಹಾಗಾಗಿ ಅವತ್ತಿನ ಪಾರ್ಕ್ ಟಿಕೆಟ್ ಇರಲೇಬೇಕು. ಉಳಿದೆರಡು ಹೋಟೆಲ್‌ಗಳಲ್ಲಿರುವುದರಿಂದ ಅವಕ್ಕೆ ಟಿಕೆಟ್ ಬೇಡ. ನಾಲ್ಕೈದು ದಿನದ ಟಿಕೆಟ್ ಲೆಕ್ಕ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ. ಇಲ್ಲಿ ಟೇಬಲ್ಲುಗಳಿರುವ ನೆಲವೇ ನಿಧಾನಕ್ಕೆ ತಿರುಗುತ್ತದೆ. ತಿರುಗುವುದು ಗೊತ್ತೇ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ತಲೆ ಎತ್ತಿದರೆ ಎದುರಿಗಿದ್ದ ಕಾಡು ಹೋಗಿ ಮರುಭೂಮಿ ಬಂದಿರುತ್ತದೆ. ಕೆಳಗೆ ದೋಣಿಯಲ್ಲಿ ಜನ ಹೋಗುತ್ತಿರುತ್ತಾರೆ. ಆ ದೋಣಿ ಹಾದು ಹೋಗುವ ಗಾಜಿನ ಮನೆಗಳಲ್ಲಿ ಮಣ್ಣಿಲ್ಲದೆ ತರಕಾರಿ ಬೆಳೆಯುತ್ತಾರೆ. ಅದರಲ್ಲಿ ಸ್ವಲ್ಪ ನಮ್ಮ ತಟ್ಟೆಗೂ ಬರುತ್ತದಂತೆ. ಕುರುಗೋಡಿನ ಕಡೆ ಮೆಣಸಿನಕಾಯಿ ಹೊಲ ಇರುವ ನಮ್ಮನೆಯವರು ವೇಷದವರನ್ನು ಬಿಟ್ಟು, ಬೇರು ಗಾಳಿಯಲ್ಲಿ ಜೋತಾಡುತ್ತಿದ್ದ ಆ ಗಿಡಗಳ ಬಗ್ಗೆಯೇ ಊಟ ಮುಗಿಯುವವರೆಗೂ ಮಾತಾಡಿದರು.

ಇಲ್ಲಿ ಮಗ ಗೆದ್ದ. ಬಂದವು ಚಿಪ್ ಮತ್ತು ಡೇಲ್ ಅನ್ನುವ ಎರಡು ಅಳಿಲುಗಳು. ನನಗೆ ಎರಡೂ ಒಂದೇ ಥರ ಕಂಡವು. ಮಗ ಎರಡು ನಿಮಿಷದಲ್ಲಿ ಕಂಡುಹಿಡಿದ: ಪುಟ್ಟ ಕಪ್ಪು ಮೂಗಿನದು ಚಿಪ್, ದಪ್ಪ ಕೆಂಪು ಮೂಗಿನದು ಡೇಲ್. ಬೇಕಂತಲೇ ಹೆಸರು ಅದಲು ಬದಲು ಮಾಡಿ ಕರೆದ. ಡೇಲ್ ಎದೆ ಹಿಡಿದುಕೊಂಡು ಕುರ್ಚಿಗೆ ಒರಗಿತು. ಆಮೇಲೆ ಅವನ ಟೋಪಿ ಕಿತ್ತುಕೊಂಡು ಪಕ್ಕದ ಟೇಬಲ್ಲಿನ ಅಜ್ಜನ ತಲೆಗೆ ಇಟ್ಟಿತು. ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಮಗ ಸೇಡು ತೀರಿಸಲು ಕಾದು ಕೂತಿದ್ದ. ಇಲ್ಲೂ ಮಾತಿಲ್ಲ. ಆದರೆ ಆಟ ಇತ್ತು. ಶೆಫ್ ಮಿಕ್ಕೀಸ್‌ನಲ್ಲಿ ಎದ್ದು ಹೋದವನು ಇಲ್ಲಿ ಬಾತ್‌ರೂಮಿಗೂ ಏಳಲಿಲ್ಲ.

ಮಗಳು ಮಾತ್ರ ಫೋನು, ಫೋನು.

ಮೂರನೆಯದಕ್ಕೆ ಅವಳು ಬರುವುದೇ ಇಲ್ಲ ಅಂತ ಹಟ ಹಿಡಿದಳು. "ಮಮ್ಮಿ, ಸ್ನೋ ವೈಟ್ ಅಂತೆ, ಅದೂ ಏಳು ಕುಳ್ಳರು. ನಾನೇನು ಯುಕೆಜಿನಾ?" ಬುಕ್ ಆಗಿದೆ, ದುಡ್ಡು ಹೋಗುತ್ತದೆ ಅಂತ ಎಳೆದುಕೊಂಡು ಹೋದೆ. ನಮ್ಮನೆಯವರೂ ತಮ್ಮನ ಹೆಂಡತಿಯೂ ರೂಮಲ್ಲೇ ಉಳಿದರು. ನಾನು, ತಮ್ಮ, ಮೂರು ಮಕ್ಕಳು ಹೊರಟೆವು.

ವೈಲ್ಡರ್‌ನೆಸ್ ಲಾಡ್ಜ್ ಅನ್ನುವ, ದೊಡ್ಡ ದೊಡ್ಡ ಮರದ ದಿಮ್ಮಿಗಳ ಹೋಟೆಲ್ ಅದು. ಅದರಲ್ಲಿ ಆರ್ಟಿಸ್ಟ್ ಪಾಯಿಂಟ್ ಅಂತ ಊಟದ ಜಾಗ. ಒಳಗೆ ಅರೆಗತ್ತಲು, ಸೂರಿಗೆ ಕೊಂಬೆಗಳು, ಅವುಗಳ ನಡುವೆ ಮಿಣುಕು ದೀಪ. ಏಳು ಕುಳ್ಳರಲ್ಲಿ ಬರುವುದು ಇಬ್ಬರೇ: ಪೆದ್ದ ಡೋಪಿ, ಸಿಡುಕ ಗ್ರಂಪಿ. ಸ್ನೋ ವೈಟ್ ಬಂದು ಪುಟ್ಟಿಯ ಜಡೆ ಹೊಗಳಿ ಹೋದಳು. ಆಮೇಲೆ ಗ್ರಂಪಿ ಬಂದ. ನನ್ನ ಮಗಳು ಕೈ ಕಟ್ಟಿಕೊಂಡು, ತುಟಿ ಬಿಗಿದು ಕೂತಿದ್ದಳು. ಅವನು ಪುಟ್ಟಿಯನ್ನೂ ಮಗನನ್ನೂ ಬಿಟ್ಟು ನೇರ ಅವಳ ಎದುರು ನಿಂತ. ಅವಳ ಹಾಗೇ ಕೈ ಕಟ್ಟಿದ, ಅವಳ ಹಾಗೇ ಕತ್ತು ಓರೆ ಮಾಡಿದ. ಅವಳು ಕಾಲು ಅಲ್ಲಾಡಿಸಿದರೆ ಅವನೂ ಅಲ್ಲಾಡಿಸಿದ. ಅರ್ಧ ನಿಮಿಷ ತಡೆದುಕೊಂಡಳು. ಆಮೇಲೆ ಬಾಯಲ್ಲಿದ್ದ ನೀರು ಟೇಬಲ್ ಮೇಲೆ ಬಿತ್ತು. ಗ್ರಂಪಿ ಗೆದ್ದೆ ಅನ್ನುವ ಹಾಗೆ ತಲೆ ಆಡಿಸಿ ನಡೆದ.

ಸ್ನೋ ವೈಟ್‌ಳ ಮಲತಾಯಿ, ಮಾತಾಡುವ ಕನ್ನಡಿಯ ದುಷ್ಟ ರಾಣಿ, ಟೇಬಲ್ಲಿಗೆ ಬರುವುದಿಲ್ಲ. ಅವಳಿರುವಲ್ಲಿಗೆ ನಾವೇ ಹೋಗಬೇಕು, ರಾಣಿ ಅಲ್ವಾ. ಪುಟ್ಟಿ ಅವಳನ್ನು ಕಂಡವಳೇ ನನ್ನ ದುಪಟ್ಟಾದೊಳಗೆ ಸೇರಿಕೊಂಡಳು. ರಾಣಿ ನನ್ನ ಮಗಳನ್ನು ಮೇಲಿಂದ ಕೆಳಗೆ ನೋಡಿ, ನೀನು ನಗುತ್ತಿದ್ದೀಯಲ್ಲ, ಇಲ್ಲಿ ನಗುವುದಕ್ಕೆ ಅಪ್ಪಣೆ ಕೊಟ್ಟವರು ಯಾರು ಅಂತ ಇಂಗ್ಲಿಷಿನಲ್ಲಿ ಗದರಿದಳು. ನಮ್ಮ ಹುಡುಗಿ ಬಿಡಬೇಕಲ್ಲ, ನಿಮ್ಮ ಕನ್ನಡಿಯನ್ನು ಕೇಳಿ ಅಂದಳು. ರಾಣಿ ಒಂದು ಹುಬ್ಬು ಎತ್ತಿದಳು. ಇಬ್ಬರೂ ನಗದೆ, ಗಲ್ಲ ಮೇಲೆತ್ತಿ ಫೋಟೋಗೆ ನಿಂತರು. ಹಿಂದಿನ ಎರಡೂ ಊಟಗಳಲ್ಲಿ ಇವಳು ಒಂದೇ ಒಂದು ಫೋಟೋಗೆ ನಿಂತಿರಲಿಲ್ಲ.

ನನಗೆ ಆ ಹೊತ್ತಿಗೆ ನಮ್ಮ ಹಗಲುವೇಷದವರು ನೆನಪಾದರು. ಕಂಪ್ಲಿಯಲ್ಲಿ ನಾನು ಚಿಕ್ಕವಳಿದ್ದಾಗ ವಾರಗಟ್ಟಲೆ ಬೀಡು ಬಿಡುತ್ತಿದ್ದರು. ದಿನಕ್ಕೊಂದು ವೇಷ, ಕೊನೆಯ ದಿನ ಕಾಳು, ದುಡ್ಡು ಕೇಳಲು ಬರುವುದು. ರಾಕ್ಷಸಿ ವೇಷ ಬಂದ ದಿನ ನಾನು ಜೋಳದ ಚೀಲಗಳ ಹಿಂದೆ ಅಡಗಿದ್ದೆ, ಪುಟ್ಟಿ ಹಾಗೆ. ಆದರೆ ಹೈಸ್ಕೂಲಿನ ಅಕ್ಕಂದಿರು ಬಾಗಿಲಲ್ಲೇ ನಿಂತು ಅವರ ಜೊತೆ ಮಾತಿಗೆ ಮಾತು ಕೊಡುತ್ತಿದ್ದರು. "ಏನವ್ವ ರಾಕ್ಷಸಿ, ಮೀಸಿ ಕಾಣಾಕತ್ತೈತಿ" ಅಂದರೆ, ಅದಕ್ಕೂ ಅಲ್ಲೇ ಉತ್ತರ ಸಿಗುತ್ತಿತ್ತು, ರಾಕ್ಷಸಿ ದನಿಯಲ್ಲೇ. ಒಳಗಿರುವವರು ಯಾರು ಅಂತ ಅಕ್ಕಂದಿರಿಗೂ ಗೊತ್ತು. ಮಜಾ ಇರುತ್ತಿದ್ದದ್ದೇ ಅದರಲ್ಲಿ.

ಊಟವೂ ಇಲ್ಲೇ ಚೆನ್ನಾಗಿತ್ತು ಅನ್ನಬೇಕು. ಸಸ್ಯಾಹಾರ ಅಂತ ಬುಕಿಂಗ್‌ನಲ್ಲೇ ತಿಳಿಸಿದ್ದೆವು. ಕೊನೆಯ ಸಿಹಿಗೆ ಒಂದು ಪೆಟ್ಟಿಗೆ ತಂದಿಟ್ಟರು. ಮುಚ್ಚಳ ತೆಗೆದರೆ ಹೊಗೆ, ಹೊಗೆಯೊಳಗೆ ಪಾಪ್‌ಕಾರ್ನ್, ಚಾಕೊಲೇಟಿನ ಹೃದಯ. ಬೇಟೆಗಾರ ರಾಣಿಗೆ ತಂದುಕೊಟ್ಟ ಉಡುಗೊರೆ ಅಂತ ಅದರ ಹೆಸರು. ಕಥೆಯಲ್ಲಿ ರಾಣಿ ಸ್ನೋ ವೈಟ್‌ಳ ಹೃದಯ ತರಲು ಬೇಟೆಗಾರನನ್ನು ಕಳಿಸುತ್ತಾಳಲ್ಲ, ಅದು ಗೊತ್ತಿರುವವರಿಗೆ ಮೈ ಜುಂ ಅನ್ನುತ್ತದೆ. ಪುಟ್ಟಿಗೆ ಅರ್ಥವಾಗಲಿಲ್ಲ, ಮಗನಿಗೆ ಆಯ್ತು. "ಅಂದ್ರೆ ಇದು ನಿಜವಾದ ಹಾರ್ಟು ಅಂತ ಲೆಕ್ಕನಾ ಮಾಮ?" ಅಂತ ಕೇಳಿ, ಅರ್ಧ ಮುರಿದು ಬಾಯಿಗೆ ಹಾಕಿಕೊಂಡ.

ಮನೆಯಲ್ಲಿ ಆರೇಳು ವರ್ಷದ ಮಗು ಇದ್ದರೆ ಶೆಫ್ ಮಿಕ್ಕೀಸ್, ಅದರಲ್ಲಿ ಎರಡು ಮಾತಿಲ್ಲ. ಹತ್ತು ಹನ್ನೆರಡರ ಹುಡುಗರಿಗೆ ಗಾರ್ಡನ್ ಗ್ರಿಲ್, ಆದರೆ ಅವತ್ತು ಹೇಗೂ ಎಪ್ಕಾಟ್‌ನಲ್ಲೇ ಇದ್ದರೆ ಮಾತ್ರ. ಹದಿಹರೆಯದವರಿಗೆ ರಾಣಿ. ಚಿಕ್ಕವರೂ ದೊಡ್ಡವರೂ ಇಬ್ಬರೂ ಇರುವ ಮನೆಯವರು ಒಂದೇ ಊಟ ಆರಿಸಬೇಕಾದರೆ ನಾನು ರಾಣಿಯದನ್ನೇ ಹೇಳುತ್ತೇನೆ. ಪುಟ್ಟಿಗೆ ಸ್ನೋ ವೈಟ್ ಸಿಕ್ಕಿದಳಲ್ಲ, ಭಯ ಅರ್ಧ ಗಂಟೆಗೆ ಹೋಯಿತು. ಮೂರನ್ನೂ ಬುಕ್ ಮಾಡುವುದು ಸುಮ್ನೆ ದಂಡ. ಇನ್ನೊಂದು: ಮಗಳ ಗೆಳತಿಯರು ಯಾರಾದರೂ ಜೊತೆಗೆ ಬಂದಿದ್ದರೆ ಅವಳು ಗ್ರಂಪಿಗೆ ನಗುತ್ತಿದ್ದಳು ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿ ಅವಳನ್ನು ಬಲ್ಲವರು ನಾವು ನಾಲ್ಕೇ ಜನ.

ವಾಪಸ್ ಹೊರಡುವ ದಿನ ತಮ್ಮ ಮುಂದಿನ ಸಲ ಏನು ಬುಕ್ ಮಾಡಲಿ ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಮಾಮ, ವಿಲನ್ ಇರೋದು ಯಾವುದಾದ್ರೂ ಒಂದು" ಅಂದಳು. ನಾನು ಹೇಳಿದೆ, ಇವರನ್ನಷ್ಟೇ ಕರ್ಕೊಂಡು ಹೋಗಪ್ಪ, ನಾನು ನಿನ್ನ ಮನೆಯಲ್ಲಿ ರೊಟ್ಟಿ ಬಡಿದುಕೊಂಡು, ಶೇಂಗಾ ಪುಡಿ ಹಚ್ಚಿಕೊಂಡು ತಿಂದಿರ್ತೀನಿ.