ಚಳಿಗೆ ಮುಂಚೆ ಮರದ ಮನೆ ಮುಗಿಸಿಕೊಡ್ತೀವಿ ಅನ್ನುವವರನ್ನು ನಂಬುವ ಮುನ್ನ

ಖಾನಾಪುರ ತಾಲ್ಲೂಕಿನ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಹೊಲದಲ್ಲಿ ದಿಮ್ಮಿಗಳ ಮನೆ ಕಟ್ಟಿಸಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ನಾವು ಜಾಂಬೋಟಿ ಹತ್ತಿರ ಕಟ್ಟಿಸಿದೆವು. ಕರೆಂಟಿನ ಲೈನ್ ಇಲ್ಲ, ಬರೀ ಸೋಲಾರ್. ಮಳೆ ನಿಂತ ಕೂಡಲೇ ಶುರು ಮಾಡಿ, ಚಳಿ ಬೀಳುವುದರೊಳಗೆ ಕೀಲಿ ಕೈಗೆ ಕೊಡುತ್ತೇನೆ ಅಂತ ಗುತ್ತಿಗೆದಾರ ಒಪ್ಪಿಕೊಂಡ. "ಪೂರಾ ಒಣಗಿದ ಮಾಲ್ ಐತ್ರಿ, ಚಿಂತಿ ಮಾಡಬ್ಯಾಡ್ರಿ" ಅಂದ. ಅದು ಸುಳ್ಳು. ಮಳೆಗಾಲದಲ್ಲೇ ಕಡಿದ ನೀಲಗಿರಿ ಅದು.

ದಪ್ಪ ದಿಮ್ಮಿ ತಿಂಗಳೆರಡು ತಿಂಗಳಲ್ಲಿ ಒಣಗುವುದಿಲ್ಲ. 1 ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಮರಗೆಲಸದವರ ಲೆಕ್ಕ. ಹಸಿ ಮರ ಒಣಗುವಾಗ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಒಂದರ ಮೇಲೊಂದು ಮಲಗಿಸಿದ ದಿಮ್ಮಿಗಳು ಅಲ್ವಾ, 8 ಅಡಿ ಗೋಡೆ 4 ಇಂಚಿನವರೆಗೂ ಕೆಳಗೆ ಕೂರಬಹುದು. ಅದಕ್ಕೇ ಕಿಟಕಿ, ಬಾಗಿಲಿನ ಚೌಕಟ್ಟಿನ ಮೇಲೆ ಜಾಗ ಬಿಡಬೇಕು. ಇವನು ಬಿಟ್ಟಿರಲಿಲ್ಲ. ಡಿಸೆಂಬರ್‌ನ ಒಣ ಗಾಳಿಗೆ ಮರ ಕುಗ್ಗಿತು, ಗೋಡೆಯ ಭಾರವೆಲ್ಲ ಚೌಕಟ್ಟಿನ ಮೇಲೆ ಬಿತ್ತು. ಕಿಟಕಿ ಬಿಗಿದುಕೊಂಡವು. ದಿಮ್ಮಿಗಳ ನಡುವೆ ಬೆರಳು ತೂರುವಷ್ಟು ಸಂದು.

ಅವನ ಹುಡುಗರು ಬಂದು ಸಂದಿಗೆಲ್ಲ ಫೋಮ್ ತುಂಬಿದರು, ಗಾಳಿ ಆಡುವ ದಾರಿಯೇ ಮುಚ್ಚಿತು. ನಮ್ಮ ಸೋಲಾರ್ ಬ್ಯಾಟರಿ ಹೀಟರ್ ತಡೆಯುವಷ್ಟು ದೊಡ್ಡದಲ್ಲ. ರಾತ್ರಿ ಒಳಗೆ ಇದ್ದಿಲಿನ ಶೇಗಡಿ (ಅಗ್ಗಿಷ್ಟಿಕೆ) ಇಟ್ಟುಕೊಳ್ಳಿ ಅಂತ ಅವನೇ ಹೇಳಿ ಹೋದ. ಮನೆ ಹಾಳಾಗಿದ್ದಕ್ಕಿಂತ ಈ ಮಾತಿಗೇ ನನಗೆ ಇವತ್ತಿಗೂ ಸಿಟ್ಟು. ಆ ರಾತ್ರಿ ನಮ್ಮ ಕಾಕಾ ಎದ್ದು ನಿಲ್ಲಲಾಗದೆ ಬಿದ್ದರು. ತಲೆ ಸಿಡಿತ, ವಾಂತಿ. ಹೊರಗೆ ಎತ್ತಿಕೊಂಡು ಬಂದು ಬೆಳಗಾವಿಗೆ ಓಡಿದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಮುಂಗಡ ಕೊಡುವ ಮೊದಲು ಒಂದು ದಿಮ್ಮಿ ಕೊಯ್ಸಿ, ಆ ಹೊಸ ಮುಖದ ಮೇಲೆ ತೇವ ಅಳೆಯುವ ಮೀಟರ್ ಇಡಿ. ಹೊರಮೈ ಬೇಗ ಒಣಗುತ್ತದೆ, ಅದನ್ನು ನೋಡಿ ಏನೂ ಹೇಳಲಾಗದು. ಶೇಕಡಾ 20ಕ್ಕಿಂತ ಜಾಸ್ತಿ ತೋರಿಸಿದರೆ ಬೇಡ ಅನ್ನಿ. ಬೆಂಕಿ ಬೇಕೇ ಬೇಕು ಅಂದರೆ ಹೊಗೆ ಕೊಳವೆ ಇರುವ ಒಲೆಯನ್ನು ನಕ್ಷೆಯಲ್ಲೇ ಸೇರಿಸಿ. ಈಗಾಗಲೇ ಇಂಥ ಮನೆಯಲ್ಲಿ ಇರುವವರು ಇವತ್ತು ರಾತ್ರಿಯಿಂದಲೇ ಶೇಗಡಿ ಹೊರಗೆ ಇಡಿ. ಒಳಗಿರುವವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಮೊದಲು ಎಲ್ಲರೂ ಬಯಲಿಗೆ ಬನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.