ಎಂಟು ವಾರದ ಬರವಣಿಗೆ ಕೋರ್ಸ್: ಮೂರನೇ ವಾರಕ್ಕಾಗಿ ಸೇರಬಹುದು

ಕಾಲೇಜಿನಲ್ಲಿ ಪ್ರಬಂಧ ಬರೆಯುವವರಿಗೆ ಅಂತ ಇರುವ ಒಂದು ಆನ್‌ಲೈನ್ ಕೋರ್ಸ್ ಈಗ ತಾನೇ ಮುಗಿಸಿದೆ. ಹೆಸರು ಹೇಳುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಮೊದಲ ಎರಡು ವಾರ ನಿದ್ದೆ ಬಂತು. ಪೀಠಿಕೆ, ಮೂರು ಪ್ಯಾರಾ, ಉಪಸಂಹಾರ. ಶಾಲೆಯಲ್ಲೇ ಕಲಿತದ್ದು ಅಲ್ವಾ? ಈ ಅಚ್ಚು ಕಾಲೇಜಿಗೆ ಯಾಕೆ ಸಾಲದು ಅಂತಲಾದರೂ ಹೇಳಬೇಕಿತ್ತು. ನಾಲ್ಕು ಕಾರಣ ಇದ್ದರೆ ಒಂದನ್ನು ಬಿಡುತ್ತೇವೆ, ಎರಡೇ ಇದ್ದರೆ ಇನ್ನೊಂದನ್ನು ಎಲ್ಲಿಂದಲೋ ಎಳೆದು ತರುತ್ತೇವೆ.

ಮೂರನೇ ವಾರ ಮಾತ್ರ ಬೇರೆಯೇ. ಡ್ರಾಫ್ಟ್ ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಹೇಳುತ್ತದೆ ಅಂತ ಒಂದೇ ಸಾಲು ಬರೆಯಿರಿ, ಆಮೇಲೆ ಆ ಸಾಲುಗಳನ್ನಷ್ಟೇ ಓದಿ ಅಂದರು. ರಿವರ್ಸ್ ಔಟ್‌ಲೈನ್ ಅಂತಾರೆ ಇದಕ್ಕೆ. ತರಗತಿಯಲ್ಲಿ ಮೊಬೈಲ್ ಬೇಕೋ ಬೇಡವೋ ಅಂತ ನಾನು ಒಂಬತ್ತು ಪ್ಯಾರಾ ಬರೆದಿದ್ದೆ. ನೋಡಿದರೆ ಎರಡನೆಯದೂ ಆರನೆಯದೂ ಒಂದೇ ಮಾತು. ನಾಲ್ಕನೆಯದಕ್ಕೆ ಸಾಲು ಹೊಳೆಯಲೇ ಇಲ್ಲ, ಯಾಕಂದ್ರೆ ಅದರಲ್ಲಿ ಏನೂ ಇರಲಿಲ್ಲ, ಸುಮ್ನೆ ಕಿವಿಗೆ ಇಂಪಾದ ವಾಕ್ಯಗಳು. ನನಗೆ ಬಹಳ ಇಷ್ಟವಾಗಿದ್ದ ಪ್ಯಾರಾ ಬೇರೆ! ನಿಜವಾಗಿ ಹೇಳಬೇಕಿದ್ದ ಮಾತು, ಅಂದರೆ ಪಾಠದಲ್ಲಿ ಮೊಬೈಲಿಗೆ ಕೆಲಸ ಇದ್ದ ದಿನ ಮಾತ್ರ ಅದನ್ನು ಒಳಗೆ ಬಿಡಬೇಕು ಅನ್ನುವುದು, ಎಂಟನೇ ಪ್ಯಾರಾದಲ್ಲಿ ಅಡಗಿ ಕೂತಿತ್ತು. ಶುರುವಿನಲ್ಲಿ ನಾನು ಬರೆದದ್ದು 'ಮೊಬೈಲಿನಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ' ಅಂತ. ಇದಕ್ಕೆ ಯಾರು ಇಲ್ಲ ಅಂತಾರೆ? ಯಾರೂ ಜಗಳಕ್ಕೆ ಬರದ ಮಾತಿಗೆ ಪುರಾವೆ ಕೊಡುತ್ತಾ ಎರಡು ಪುಟ ತುಂಬಿಸಿದ್ದೆ. ಎಂಟನೆಯದನ್ನು ಮೇಲಕ್ಕೆ ತಂದೆ, ಮೂರು ಪ್ಯಾರಾ ಹೊಡೆದು ಹಾಕಿದೆ.

ಉಲ್ಲೇಖದ ಪಾಠ ಪರವಾಗಿಲ್ಲ. ಯಾರ ಮಾತು, ಎಲ್ಲಿಂದ ತಂದದ್ದು ಅಂತ ತೋರಿಸುವ ಪದ್ಧತಿಗಳಿವು: ಎಪಿಎ (ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ್ದು) ಶೈಲಿಯಲ್ಲಿ ಲೇಖಕರ ಹೆಸರಿನ ಜೊತೆ ವರ್ಷ ಬರುತ್ತದೆ, ಎಂಎಲ್‌ಎ (ಅಲ್ಲಿಯದೇ ಭಾಷೆ-ಸಾಹಿತ್ಯದವರ ಸಂಘದ್ದು) ಶೈಲಿಯಲ್ಲಿ ಪುಟ ಸಂಖ್ಯೆ. ಮನಶ್ಶಾಸ್ತ್ರದಂಥ ವಿಷಯದಲ್ಲಿ ಅಧ್ಯಯನ ಎಷ್ಟು ಹಳೆಯದು ಅನ್ನುವುದು ಮುಖ್ಯ, ಸಾಹಿತ್ಯದಲ್ಲಿ ಮಾತು ಯಾವ ಪುಟದಲ್ಲಿದೆ ಅನ್ನುವುದು. ಹೀಗೆ ಹೇಳಿದ ಮೇಲೆ ಮರೆಯಲಿಲ್ಲ. ಆದರೆ ಎಂಎಲ್‌ಎ ಕೈಪಿಡಿಯ 9ನೇ ಆವೃತ್ತಿ 2021ರಲ್ಲೇ ಬಂದಿದೆ, ಇವರ ನೋಟ್ಸ್ ಇನ್ನೂ 8ರಲ್ಲೇ ಇದೆ. ಬೇರೆಯವರ ಮಾತನ್ನು ನಮ್ಮ ಮಾತಿನಲ್ಲಿ ಬರೆಯುವಾಗ ಮೂಲ ಮುಚ್ಚಿಟ್ಟು ಬರೆದು, ಆಮೇಲೆ ತೆಗೆದು ಹೋಲಿಸಿ ಅಂದದ್ದು ತುಂಬಾ ಉಪಯೋಗಕ್ಕೆ ಬಂತು. ಪದ ಬದಲಿಸಿ ವಾಕ್ಯದ ಎಲುಬು ಹಾಗೇ ಉಳಿಸಿದರೆ ಅದೂ ಕಳ್ಳತನವೇ. ಮೂಲದ ಹೆಸರು ಅಂತೂ ಹಾಕಲೇಬೇಕು.

ಸಿಟ್ಟು ಬಂದದ್ದು ಕೋರ್ಸಿನವರು ನಮ್ಮ ಪ್ರಬಂಧದ ಬಗ್ಗೆ ಅಭಿಪ್ರಾಯ ಕಳಿಸುವ ವಿಷಯಕ್ಕೆ. ಎರಡನೇ ಪ್ರಬಂಧ ಕೊಟ್ಟಾದ ಮೇಲೆ ಮೊದಲನೆಯದರ ಉತ್ತರ ಬಂತು, ಅದೂ 'ಇನ್ನಷ್ಟು ಸ್ಪಷ್ಟತೆ ಬೇಕು' ಅಂತ ಒಂದೇ ಸಾಲು. ಎಲ್ಲಿ ಬೇಕು ಸ್ವಾಮಿ? ಅದಕ್ಕಿಂತ ಸಹಪಾಠಿಗಳೇ ವಾಸಿ. ಅವರಿಗೆ ಕೊಟ್ಟ ಫಾರಂನಲ್ಲಿ 'ಯಾವ ಸಾಲನ್ನು ಎರಡು ಸಲ ಓದಬೇಕಾಯಿತು?' ಅಂತ ಇತ್ತು, ಒಬ್ಬರು ನನ್ನವು ಐದು ಸಾಲು ತೋರಿಸಿದರು.

ಐದಕ್ಕೆ ಮೂರು ಸ್ಟಾರ್. ವ್ಯಾಕರಣ ತಿದ್ದಿಸಿಕೊಳ್ಳುವ ಆಸೆಯಿಂದ ಸೇರಬೇಡಿ, ಅದು ಇಲ್ಲಿ ಇಲ್ಲವೇ ಇಲ್ಲ. ಡ್ರಾಫ್ಟ್ ಒಂದು ಕೈಯಲ್ಲಿ ಇಟ್ಟುಕೊಂಡೇ ಸೇರಿ. ಏಳನೇ ವಾರದ ವಿಡಿಯೋ ನಾನು ನೋಡಲೇ ಇಲ್ಲ, ಆಗ ಇನ್ನೂ ಆ ಐದು ಸಾಲು ತಿದ್ದುತ್ತಿದ್ದೆ.